ತೊಗಲಿನ ತಿದಿ, ಕುಲುಮೆಯ ಬೆಂಕಿ

1

2023ರ ಮೇ ತಿಂಗಳಿನಲ್ಲಿ ಲಂಡನ್ನಿನಲ್ಲಿ ಒಂದು ಕತ್ತಿ ಹರಾಜಾಯಿತು. ಟಿಪ್ಪು ಸುಲ್ತಾನನ ಮಲಗುವ ಕೋಣೆಯಲ್ಲಿದ್ದ ಕತ್ತಿ. ಬೆಲೆ 1 ಕೋಟಿ 40 ಲಕ್ಷ ಪೌಂಡು. ಪತ್ರಿಕೆಗಳು ಕತ್ತಿಯ ಒಡೆಯನಾಗಿದ್ದ ದೊರೆಯ ಹೆಸರು ಬರೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಬಹುಮಾನವಾಗಿ ಪಡೆದ ಡೇವಿಡ್ ಬೇರ್ಡ್ ಎಂಬ ದಂಡನಾಯಕನ ಹೆಸರು ಬರೆದವು. ಹಿಡಿಯ ಮೇಲಿನ ಬಂಗಾರದ ಮಾತು ಬರೆದವು. ಬೆಂಕಿಯ ಮುಂದೆ ಕೂತು ಅದನ್ನು ಬಡಿದವನು ಯಾರು ಅಂತ ಎಷ್ಟು ಜನ ಕೇಳಿದರು? ಕೇಳುವ ಅಭ್ಯಾಸವನ್ನೇ ನಮ್ಮ ಶಾಲೆಗಳು ಕಲಿಸಿಲ್ಲ.

ಚರಿತ್ರೆ ಅಂದರೆ ಕತ್ತಿ ಹಿಡಿದವರದು ಅಂತಲೇ ನಮಗೆ ಪಾಠವಾಗಿದೆ. ಕತ್ತಿ ಮಾಡಿದವರು, ನೇಗಿಲಿನ ಗುಳ ಮಾಡಿದವರು, ಕುಡುಗೋಲಿಗೆ ಹಲ್ಲು ಕಡಿದವರು ಪರೀಕ್ಷೆಗೆ ಬರುವುದಿಲ್ಲ. ಯುದ್ಧ ನಡೆದ ತಾರೀಖು ಬರುತ್ತದೆ. ಯುದ್ಧಕ್ಕೆ ಕಬ್ಬಿಣ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಬರುವುದಿಲ್ಲ. ಅಕ್ಷರ ಕಲಿತ ಮೊದಲ ತಲೆಮಾರಿನವರಾದ ನಾವು ಇದನ್ನು ಕೇಳದಿದ್ದರೆ ಇನ್ಯಾರು ಕೇಳಬೇಕು?

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇವೆ. ನಾವು ಕಮ್ಮಾರರ ಮನೆಯ ಮಕ್ಕಳಲ್ಲ. ಕುಲುಮೆಯ ಹೊರಗೆ ನಿಂತು ಗುಳ ಹಣಿಸಿಕೊಂಡು ಬಂದವರ ಮಕ್ಕಳು. ತಿದಿಗೆ ತೊಗಲು ಕೊಟ್ಟವರ ಮೊಮ್ಮಕ್ಕಳು. ಆದ್ದರಿಂದ ಇದು ಬಾಗಿಲ ಹೊರಗಿನಿಂದ ಕಂಡ ಕುಲುಮೆಯ ಚರಿತ್ರೆ. ಹೊರಗೆ ನಿಂತವನಿಗೆ ಕಾಣುವ ಕೆಲವು ಸಂಗತಿ ಒಳಗೆ ಕೂತವನಿಗೆ ಕಾಣುವುದಿಲ್ಲ.

2

ತುಂಗಭದ್ರೆಯ ದಡದಲ್ಲಿ ಹಳ್ಳೂರು ಅಂತ ಒಂದು ಊರಿದೆ. ಈಗ ಹಾವೇರಿ ಜಿಲ್ಲೆಗೆ ಸೇರಿದ್ದು. 1965ರಲ್ಲಿ ಎಂ.ಎಸ್. ನಾಗರಾಜರಾಯರು ಅಲ್ಲಿ ಅಗೆಸಿದಾಗ ಕಬ್ಬಿಣದ ಹತಾರಗಳು ಸಿಕ್ಕವು. ಇದ್ದಿಲಿನ ಚೂರುಗಳನ್ನು ಪರೀಕ್ಷೆ ಮಾಡಿದಾಗ ಅವು ಸುಮಾರು ಮೂರು ಸಾವಿರ ವರ್ಷದ ಹಿಂದಿನವು ಅಂತ ಗೊತ್ತಾಯಿತು. ಕಬ್ಬಿಣವನ್ನು ಕುದುರೆ ಏರಿ ಬಂದ ಆರ್ಯರೇ ಉತ್ತರದಿಂದ ತಂದರು ಅನ್ನುವ ವಾದಕ್ಕೆ ಆ ಚೂರುಗಳು ಪೆಟ್ಟು ಕೊಟ್ಟವು. ಅದಕ್ಕೂ ಮೊದಲು, 1947ರಲ್ಲಿ, ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ವೀಲರ್ ಅಗೆಸಿದ್ದ ಕಲ್ಲುಗೋರಿಗಳಲ್ಲೂ ಸತ್ತವರ ಜೊತೆ ಕಬ್ಬಿಣದ ಹತಾರಗಳನ್ನು ಇಟ್ಟಿದ್ದರು.

ಆ ಗೋರಿಗಳಲ್ಲಿ ಮಲಗಿದವರ ಜಾತಿ ಯಾವುದು? ಕಬ್ಬಿಣ ಹೇಳುವುದಿಲ್ಲ. ಕಬ್ಬಿಣಕ್ಕೆ ಗೊತ್ತಿರುವುದು ಎರಡೇ: ಬೆಂಕಿ ಮತ್ತು ರಟ್ಟೆ.

ಮಣ್ಣಿನಿಂದ ಕಬ್ಬಿಣ ತೆಗೆಯುವ ಈ ವಿದ್ಯೆ ನಮ್ಮ ಬಯಲುಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಬದುಕಿತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕುಂಪಣಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಗೆ ಕಳಿಸಿತು. ಗೆದ್ದ ನಾಡಿನಲ್ಲಿ ಏನೇನು ಸಿಗುತ್ತದೆ ಅಂತ ಲೆಕ್ಕ ಹಾಕುವುದು ಅವನ ಕೆಲಸ. 1807ರಲ್ಲಿ ಅವನ ಪ್ರವಾಸದ ಪುಸ್ತಕ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಕೊಳ್ಳೆ ಹೊಡೆಯುವವನ ಪಟ್ಟಿ ಅದು, ನಿಜ. ಆದರೆ ನಮ್ಮ ಪಂಡಿತರು ಬರೆಯದೆ ಬಿಟ್ಟದ್ದು ಆ ಪಟ್ಟಿಯಲ್ಲಿ ಸಿಗುತ್ತದೆ. ಮಾಗಡಿ ಕಡೆ, ಮಧುಗಿರಿ ಕಡೆ, ಚನ್ನರಾಯನದುರ್ಗದ ಕಡೆ ಜನ ಕಬ್ಬಿಣ, ಉಕ್ಕು ತೆಗೆಯುತ್ತಿದ್ದುದನ್ನು ಅವನು ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಬರೆದಿದ್ದಾನೆ. ಆ ತಂತಿ ವಾದ್ಯಗಳಿಗೆ ಹೋಗುತ್ತಿತ್ತು. ವೀಣೆ ಯಾರ ಕೈಯಲ್ಲಿತ್ತೋ ಇರಲಿ, ತಂತಿ ಬೆಂಕಿಯ ಮುಂದೆ ಕೂತವನದು.

ಕೆಲಸ ನಡೆಯುತ್ತಿದ್ದುದು ಹೀಗೆ. ಮಳೆ ಬಂದಾಗ ಗುಡ್ಡದಿಂದ ಇಳಿಯುವ ಹಳ್ಳಗಳು ಕರಿ ಮರಳನ್ನು ಹೊತ್ತು ತರುತ್ತವೆ. ಆ ಮರಳನ್ನು ನೀರಿನಲ್ಲಿ ತೊಳೆದರೆ ಹಗುರ ಮಣ್ಣು ಹೋಗಿ ಭಾರವಾದ ಕಬ್ಬಿಣದ ಮರಳು ಉಳಿಯುತ್ತದೆ. ಮಣ್ಣಿನ ಒಲೆಯಲ್ಲಿ ಅದನ್ನು ಇದ್ದಿಲಿನ ಜೊತೆ ಹಾಕಿ, ತೊಗಲಿನ ತಿದಿಯಿಂದ ಗಾಳಿ ಊದಿ ಕಾಯಿಸಿದರೆ ಕಬ್ಬಿಣದ ಮುದ್ದೆ ಇಳಿಯುತ್ತದೆ. ಅದನ್ನು ಮತ್ತೆ ಕಾಯಿಸಿ ಬಡಿದು ಕಿಟ್ಟ ಉದುರಿಸಬೇಕು.

ಉಕ್ಕಿನ ಕೆಲಸ ಇನ್ನೂ ಸೂಕ್ಷ್ಮ. ಕಬ್ಬಿಣದ ತುಂಡುಗಳನ್ನು ಮಣ್ಣಿನ ಸಣ್ಣ ಮೂಸೆಯಲ್ಲಿಟ್ಟು, ಅದರೊಳಗೆ ತಂಗಡಿ ಗಿಡದ ಕಟ್ಟಿಗೆಯ ಚೂರು, ಮೇಲೆ ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಗಂಟೆಗಟ್ಟಲೆ ಉರಿಸಬೇಕು. ಕಟ್ಟಿಗೆಯಲ್ಲಿರುವ ಇಂಗಾಲ ಕಬ್ಬಿಣಕ್ಕೆ ಸೇರುತ್ತದೆ. ನೂರಕ್ಕೆ ಒಂದರಿಂದ ಎರಡು ಭಾಗದಷ್ಟು ಸೇರಿದರೆ ಮೆತ್ತನೆಯ ಕಬ್ಬಿಣ ಗಟ್ಟಿ ಉಕ್ಕಾಗುತ್ತದೆ. ಆಮೇಲೆ ಮೂಸೆ ಒಡೆದು ಉಕ್ಕಿನ ಗಟ್ಟಿ ತೆಗೆಯುತ್ತಾರೆ. ಇಂಗಾಲ ಎಂಬ ಮಾತು ಗೊತ್ತಿಲ್ಲದ ಜನ ಇಂಗಾಲದ ಲೆಕ್ಕವನ್ನು ಕೈಯಲ್ಲಿ ಹಿಡಿದಿದ್ದರು.

ಇಲ್ಲಿ ನಿಲ್ಲಬೇಕು. ತಂಗಡಿ ಗಿಡ ನಮಗೆ ಗೊತ್ತು. ಹಳದಿ ಹೂವಿನ ಗಿಡ, ಬರದಲ್ಲೂ ಸಾಯದ ಗಿಡ; ಕೆಲವು ಕಡೆ ಆವರಿಕೆ ಅನ್ನುತ್ತಾರೆ. ನಮ್ಮ ಕೇರಿಯ ಹಿರಿಯರಿಗೆ ಅದು ತೊಗಲು ಹದ ಮಾಡುವ ಗಿಡ. ಅದರ ಚಕ್ಕೆ ಜಜ್ಜಿ ನೀರಿಗೆ ಹಾಕಿ ಆ ನೀರಿನಲ್ಲಿ ತೊಗಲು ನೆನೆಸುತ್ತಿದ್ದರು. ಅಂದರೆ ಒಂದೇ ಗಿಡದ ಚಕ್ಕೆ ತೊಗಲಿನ ತೊಟ್ಟಿಗೆ, ಅದೇ ಗಿಡದ ಕಟ್ಟಿಗೆ ಉಕ್ಕಿನ ಮೂಸೆಗೆ. ಆ ತೊಗಲು ತಿದಿಯಾಗಿ ಗಾಳಿ ಊದದೆ ಇದ್ದರೆ ಆ ಮೂಸೆಗೆ ಬೆಂಕಿ ಇಲ್ಲ. ಗಿಡಕ್ಕೆ ಇಲ್ಲದ ಗೋಡೆಯನ್ನು ಮನುಷ್ಯರ ನಡುವೆ ಕಟ್ಟಿದವರು ಯಾರು?

3

ನಮ್ಮ ಉಕ್ಕು ಇಂಗ್ಲೆಂಡಿಗೆ ಹೋದ ಕತೆಯನ್ನೂ ನೋಡಿ. 1794ರಲ್ಲಿ ಮುಂಬೈಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಈ ಉಕ್ಕಿನ ಗಟ್ಟಿಗಳನ್ನು ಲಂಡನ್ನಿಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅಲ್ಲಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಓದಿದ. ಅವರು ಅದನ್ನು ‘ವೂಟ್ಸ್’ ಅಂತ ಕರೆದರು. ಕನ್ನಡದ ‘ಉಕ್ಕು’ ಎಂಬ ಮಾತೇ ಅವರ ಬಾಯಲ್ಲಿ ಹೀಗಾಯಿತು ಅನ್ನುವುದು ಬಹಳ ವಿದ್ವಾಂಸರ ಅಭಿಪ್ರಾಯ.

ಆಮೇಲೆ, 1819ರಿಂದ ಕೆಲವು ವರ್ಷ, ಮೈಕೆಲ್ ಫ್ಯಾರಡೆ ಈ ಉಕ್ಕಿನ ಗುಟ್ಟು ಹುಡುಕಿದ. ಯಾರು ಈ ಫ್ಯಾರಡೆ? ವಿದ್ಯುತ್ತಿನ ಪಾಠದಲ್ಲಿ ಬರುತ್ತಾನಲ್ಲ, ಅವನೇ. ಅವನ ಅಪ್ಪ ಕಮ್ಮಾರ. ಬಡ ಕಮ್ಮಾರನ ಮಗ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿಯುತ್ತಾ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದ. ಅಲ್ಲೂ ಬಡವರಿಗೆ ಅವಮಾನ ಇತ್ತು. ಆದರೆ ಕಮ್ಮಾರನ ಮಗ ಓದಿದರೆ ಅವನ ಕಿವಿಗೆ ಕಾದ ಸೀಸ ಹೊಯ್ಯಬೇಕು ಅನ್ನುವ ಶಾಸ್ತ್ರ ಇರಲಿಲ್ಲ. ನಮ್ಮಲ್ಲಿ ಉಕ್ಕು ಕಾಸಿದವನಿಗೆ ಪುಸ್ತಕ ಇರಲಿಲ್ಲ. ಪುಸ್ತಕ ಇದ್ದವನು ಉಕ್ಕು ಮುಟ್ಟಲಿಲ್ಲ. ಕೈ ಬೇರೆ, ತಲೆ ಬೇರೆ ಮಾಡಿದ ಈ ಪದ್ಧತಿಯೇ ನಮ್ಮ ವಿದ್ಯೆಯನ್ನು ಕೊಂದದ್ದು. ಇಂಗ್ಲಿಷರು ಆಮೇಲೆ ಬಂದು ಮಣ್ಣು ಮುಚ್ಚಿದರು.

ಮೈಸೂರಿನ ರಾಕೆಟ್ಟುಗಳ ಮಾತೂ ಹೀಗೇ. ಹೈದರ್, ಟಿಪ್ಪುವಿನ ರಾಕೆಟ್ಟುಗಳು 1780ರ ಪೊಳ್ಳಿಲೂರು ಯುದ್ಧದಲ್ಲಿ ಕುಂಪಣಿ ದಂಡನ್ನು ನಡುಗಿಸಿದವು. ಅವುಗಳ ಬಲ ಇದ್ದದ್ದು ಕಬ್ಬಿಣದ ಕೊಳವೆಯಲ್ಲಿ. ಮದ್ದನ್ನು ಕಬ್ಬಿಣದಲ್ಲಿ ಗಟ್ಟಿಯಾಗಿ ತುಂಬಿದ್ದರಿಂದ ಅವು ದೂರ ಹೋದವು. ಶ್ರೀರಂಗಪಟ್ಟಣದಿಂದ ಒಯ್ದ ರಾಕೆಟ್ಟುಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತನ್ನ ರಾಕೆಟ್ ಮಾಡಿದ, ಹೆಸರು ಅವನದಾಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಆ ಕೊಳವೆಗಳನ್ನು ಬಿದಿರಿಗೆ ಬಿಗಿಯುತ್ತಿದ್ದುದು ತೊಗಲಿನ ಪಟ್ಟಿಯಿಂದ. ಕಬ್ಬಿಣ ಬಡಿದವನದು, ತೊಗಲು ಹದ ಮಾಡಿದವನದು, ಇಬ್ಬರದೂ ಬೆವರು ಅಲ್ಲಿದೆ. ಇಬ್ಬರದೂ ಹೆಸರಿಲ್ಲ.

4

ಈಗ ಊರಿನ ಕುಲುಮೆಗೆ ಬರೋಣ.

ಒಂದು ಗುಡಿಸಲು ಅಥವಾ ಮರದ ನೆರಳು. ನೆಲದಲ್ಲಿ ಒಲೆ. ಒಲೆಗೆ ಮಣ್ಣಿನ ಕೊಳವೆ. ಕೊಳವೆಗೆ ಜೋಡಿಸಿದ ಎರಡು ತಿದಿ. ಒಂದು ಉಬ್ಬುವಾಗ ಇನ್ನೊಂದು ಕುಗ್ಗಬೇಕು, ಗಾಳಿ ಕಡಿಯಬಾರದು. ಅಡಿಗಲ್ಲು, ಸುತ್ತಿಗೆ, ಸಮ್ಮಟಿಗೆ, ಇಕ್ಕಳ, ನೀರಿನ ಬಾನಿ. ಕಮ್ಮಾರ ಸಣ್ಣ ಸುತ್ತಿಗೆಯಿಂದ ಎಲ್ಲಿ ಬೀಳಬೇಕು ಅಂತ ತೋರಿಸುತ್ತಾನೆ, ಎದುರಿಗೆ ನಿಂತವನು ಅಲ್ಲೇ ಸಮ್ಮಟಿಗೆ ಬೀಸುತ್ತಾನೆ. ಎಷ್ಟು ಕಾದಿದೆ ಅನ್ನುವುದನ್ನು ಕಬ್ಬಿಣದ ಬಣ್ಣ ಹೇಳುತ್ತದೆ. ಯಾವ ಬಣ್ಣದಲ್ಲಿ ನೀರಿಗೆ ಅದ್ದಿದರೆ ಬಾಯಿ ಮುರಿಯುವುದಿಲ್ಲ, ಮೊಂಡೂ ಆಗುವುದಿಲ್ಲ ಅನ್ನುವುದೇ ಹದ. ಹದ ತಪ್ಪಿದರೆ ರೈತನ ಒಂದು ದಿನದ ಉಳುಮೆ ಹೋಯಿತು.

ಗಾಡಿಯ ಗಾಲಿಗೆ ಪಟ್ಟಿ ಹಾಕುವ ದಿನ ಊರೇ ಸೇರುತ್ತಿತ್ತು. ಗಾಲಿಗಿಂತ ಸ್ವಲ್ಪ ಚಿಕ್ಕದಾಗಿ ಕಬ್ಬಿಣದ ಬಳೆ ಮಾಡಿ, ಸುತ್ತ ಬೆರಣಿ ಪೇರಿಸಿ ಉರಿಸಿದರೆ ಬಳೆ ಹಿಗ್ಗುತ್ತದೆ. ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಬಿಸಿಗೆ ವಸ್ತು ಹಿಗ್ಗುತ್ತದೆ ಅಂತ ನಾವು ಶಾಲೆಯಲ್ಲಿ ಉರು ಹೊಡೆದೆವು. ಮೇಷ್ಟ್ರುಗಳೇ, ಆ ಪಾಠವನ್ನು ಕುಲುಮೆಯ ಮುಂದೆ ನಿಲ್ಲಿಸಿ ಮಾಡಿದ್ದರೆ ಉರು ಹೊಡೆಯುವ ಕೆಲಸ ಇರುತ್ತಿತ್ತಾ?

ಈ ದುಡಿಮೆಗೆ ಕೂಲಿ ಏನು? ಆಯ. 1810ರಲ್ಲಿ ಮಾರ್ಕ್ ವಿಲ್ಕ್ಸ್ ಮೈಸೂರಿನ ಚರಿತ್ರೆ ಬರೆಯುವಾಗ ಊರಿನ ಹನ್ನೆರಡು ಜನ ಆಯಗಾರರ ಪಟ್ಟಿ ಕೊಟ್ಟ. ಗೌಡ, ಶಾನುಭೋಗ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕೆಲಸಿ, ತಳವಾರ, ತೋಟಿ, ನೀರುಗಂಟಿ ಇವರೆಲ್ಲ ಅದರಲ್ಲಿದ್ದಾರೆ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳಿನ ಪಾಲು ತರಬೇಕು. ಇದನ್ನು ಕೆಲವರು ಹಳ್ಳಿಯ ಸಾಮರಸ್ಯ ಅನ್ನುತ್ತಾರೆ. ಎಲ್ಲರೂ ಎಲ್ಲರಿಗೂ ಬೇಕಾಗಿದ್ದರು ಅನ್ನುತ್ತಾರೆ. ನಿಜ, ಬೇಕಾಗಿದ್ದರು. ನೇಗಿಲಿಗೆ ಎತ್ತೂ ಬೇಕಾಗಿತ್ತು. ಬೇಕಾದದ್ದಕ್ಕೆಲ್ಲ ಮರ್ಯಾದೆ ಸಿಕ್ಕಿತಾ ಅನ್ನುವುದು ಪ್ರಶ್ನೆ. ಶಾನುಭೋಗನ ಪಾಲು ಮನೆ ಬಾಗಿಲಿಗೆ ಬರುತ್ತಿತ್ತು. ಕಮ್ಮಾರ ಕಣದ ಅಂಚಿನಲ್ಲಿ ಕಾಯಬೇಕಾಗಿತ್ತು. ತೋಟಿ ಎಲ್ಲರದೂ ಮುಗಿದ ಮೇಲೆ ಕಣ ಗುಡಿಸಿದ ಮಣ್ಣುಗಾಳು ಕೇರಬೇಕಾಗಿತ್ತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರ ಮೇಲೆ ಯಾಕೆ ಹರಿಹಾಯ್ದರು ಅನ್ನುವುದು ಕಣದಲ್ಲಿ ನಿಂತು ಕಾದವರಿಗೆ ಗೊತ್ತು.

ನಮ್ಮ ಕಡೆ ನಮ್ಮಪ್ಪಂದಿರು ಕುಲುಮೆಗೆ ಹೋದರೆ ಕುಡುಗೋಲನ್ನು ನೆಲದ ಮೇಲಿಟ್ಟು ಹಿಂದೆ ಸರಿಯಬೇಕಾಗಿತ್ತು. ‘ಆಚಾರ್ರೇ, ವಸಿ ಹಣಿದುಕೊಡಿ ಬುದ್ಧಿ’ ಅನ್ನಬೇಕು. ಅವರು ಇಕ್ಕಳದಲ್ಲಿ ಎತ್ತಿ ಬೆಂಕಿಗೆ ಹಾಕುವರು. ಬೆಂಕಿಗೆ ಬಿದ್ದರೆ ಮೈಲಿಗೆ ಹೋಯಿತಂತೆ. ಕುಡುಗೋಲಿನ ಮೈಲಿಗೆ ಒಂದು ಕಾವಿಗೆ ಹೋಗುತ್ತದೆ. ಮನುಷ್ಯನ ಮೈಲಿಗೆ ಎಷ್ಟು ಕಾವಿಗೆ ಹೋಗುತ್ತದೆ? ಅದೇ ಹೊತ್ತಿಗೆ ಆಚಾರಿಯ ಪಕ್ಕದಲ್ಲಿ ಉಸಿರಾಡುತ್ತಿದ್ದ ತಿದಿ ನಮ್ಮ ಕೇರಿಯಿಂದ ಹೋದ ತೊಗಲು. ತೊಗಲು ಒಳಗೆ, ತೊಗಲು ಕೊಟ್ಟವನು ಹೊರಗೆ.

ಹಾಗಂತ ಆಚಾರಿ ಸುಖವಾಗಿದ್ದನೇ? ಇಲ್ಲ. ಅವನು ಜನಿವಾರ ಹಾಕಿದ. ನಾವು ವಿಶ್ವಕರ್ಮನ ಕುಲ, ನಾವೂ ಬ್ರಾಹ್ಮಣರೇ ಅಂದ. ಅಗ್ರಹಾರ ಒಪ್ಪಲಿಲ್ಲ. ಅವನನ್ನು ಮೇಲಿನವರು ದೂಡಿದರು, ಅವನು ಕೆಳಗಿನವರನ್ನು ದೂಡಿದ. ಕಮ್ಮಾರ, ಬಡಗಿ, ಕಂಚುಗಾರ, ಕಲ್ಲುಕುಟಿಗ, ಅಕ್ಕಸಾಲಿ ಸೇರಿದ ಪಾಂಚಾಳರು ಎಡಗೈ ಪಂಗಡದ ಮುಂದಾಳುಗಳು. ಅದೇ ಎಡಗೈಯ ಕೊನೆಯಲ್ಲಿ ಮಾದಿಗರು. ಎದುರಿನ ಬಲಗೈಯ ಕೊನೆಯಲ್ಲಿ ಹೊಲೆಯರು. ಯಾರ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಮದುವೆಯ ಚಪ್ಪರಕ್ಕೆ ಎಷ್ಟು ಕಂಬ ಇರಬೇಕು ಅಂತ ಮೇಲಿನವರಿಗೆ ಜಗಳ. ಬಡಿದಾಡಿ ತಲೆ ಒಡೆಸಿಕೊಂಡವರು ಎರಡೂ ಕಡೆಯ ಕೊನೆಯವರು. ಅವರು ಯಾರ ಬೀದಿಗಾಗಿ ಹೊಡೆದಾಡಿದರೋ ಆ ಬೀದಿಯಲ್ಲಿ ಅವರು ಚಪ್ಪಲಿ ಹಾಕಿಕೊಂಡು ನಡೆಯುವಂತಿರಲಿಲ್ಲ.

ಇದೇ ಜಾತಿಯ ಯಂತ್ರ. ಅಂಬೇಡ್ಕರರು 1936ರಲ್ಲಿ ಜಾತಿವಿನಾಶದ ಪುಸ್ತಕದಲ್ಲಿ ಇದನ್ನು ಬಿಡಿಸಿ ತೋರಿಸಿದರು: ಜಾತಿ ಹಂಚಿದ್ದು ಬರೀ ಕೆಲಸವನ್ನಲ್ಲ, ದುಡಿಯುವ ಜನರನ್ನೇ ಒಬ್ಬರ ಮೇಲೊಬ್ಬರನ್ನು ನಿಲ್ಲಿಸಿ ಒಡೆಯಿತು ಅಂತ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಕಬ್ಬಿಣ ಕಾಸಿದ್ದರಿಂದ ಕಮ್ಮಾರ ಎಂಬ ಹೆಸರೇ ಹೊರತು ಹುಟ್ಟಿನಿಂದಲ್ಲ ಅನ್ನುವ ಅರ್ಥದ ವಚನ ಹೇಳಿದ್ದರು. ಆ ವಚನವನ್ನು ಇವತ್ತು ಭಾಷಣದಲ್ಲಿ ಹಾಡುವವರು ಮದುವೆ ಮಾತು ಬಂದಾಗ ಜಾತಕದ ಜೊತೆ ಜಾತಿಯನ್ನೂ ಕೇಳುತ್ತಾರೆ.

ಕುಲುಮೆಯ ಹೆಂಗಸರ ಮಾತಂತೂ ಯಾವ ಪುಸ್ತಕದಲ್ಲಿದೆ? ತಿದಿ ಒತ್ತಿದವರಲ್ಲಿ ಹೆಂಡತಿಯರು, ಮಕ್ಕಳು ಎಷ್ಟೋ ಮಂದಿ. ಉತ್ತರ ಕರ್ನಾಟಕದಲ್ಲಿ ಊರೂರು ಅಲೆಯುವ ಗಿಸಾಡಿಗಳಲ್ಲಿ ಸಮ್ಮಟಿಗೆ ಬೀಸುವವಳು ಹೆಂಗಸು. ರಸ್ತೆ ಬದಿಯಲ್ಲಿ ಒಲೆ ಹೂಡಿ, ಕಂಕುಳ ಕೂಸನ್ನು ಪಕ್ಕಕ್ಕೆ ಮಲಗಿಸಿ ಬಡಿಯುತ್ತಾಳೆ. ಅವಳಿಗೆ ಊರಿಲ್ಲ, ಆಯವಿಲ್ಲ. ತಿದಿ ಒತ್ತಿದ ಮಗು ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ.

5

ಇಂಗ್ಲಿಷರ ಕಾಲದಲ್ಲಿ ಕುಲುಮೆಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಒಂದು, ಹೊರಗಿನ ಕಬ್ಬಿಣ. 1864ರಲ್ಲಿ ಬೆಂಗಳೂರಿಗೆ ರೈಲು ಬಂತು. ರೈಲಿನ ಹಳಿಯೂ ಬಿಲಾತಿಯದು, ರೈಲು ಹೊತ್ತು ತಂದ ಪಟ್ಟಿ, ಸಲಾಕಿಯೂ ಬಿಲಾತಿಯದು. ಎರಡು, ಕಾಡಿನ ಕಾನೂನು. 1878ರ ಅರಣ್ಯ ಕಾಯಿದೆ, ಆಮೇಲೆ ಮೈಸೂರಿನದೇ ನಿಬಂಧನೆಗಳು ಕಾಡಿಗೆ ಬೇಲಿ ಹಾಕಿದವು. ಇದ್ದಿಲು ಸುಡುವುದು ಅಪರಾಧವಾಯಿತು. ಇದ್ದಿಲಿಲ್ಲದೆ ಒಲೆ ಇಲ್ಲ. ಆ ಶತಮಾನ ಮುಗಿಯುವ ಹೊತ್ತಿಗೆ ಮರಳು ತೊಳೆದು ಕಬ್ಬಿಣ ತೆಗೆಯುವ ಒಲೆಗಳು ಆರುತ್ತಾ ಬಂದವು. ಮಣ್ಣಿನಿಂದ ಉಕ್ಕು ತೆಗೆದ ಕಮ್ಮಾರ ಪರದೇಶದ ಕಬ್ಬಿಣವನ್ನು ರಿಪೇರಿ ಮಾಡುವವನಾದ.

1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು. ಕುಲುಮೆಯವನಿಗೆ ಮುಚ್ಚಿದ ಕಾಡು ಕಾರ್ಖಾನೆಗೆ ತೆರೆಯಿತು. ಅದು ಸಾವಿರಾರು ಮನೆಗೆ ಅನ್ನ ಕೊಟ್ಟಿತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರ ಗತಿಯೂ ಏನಾಯಿತು ನೋಡಿ. 2023ರ ಜನವರಿಯಲ್ಲಿ, ನೂರು ವರ್ಷ ತುಂಬುವ ಹೊತ್ತಿನಲ್ಲಿ, ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು.

ಸ್ವಾತಂತ್ರ್ಯ ಬಂದ ಮೇಲೆ ಊರಿನಲ್ಲಿ ಏನಾಯಿತು? 1961ರಲ್ಲಿ ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡುವ ಕಾನೂನು ಬಂತು, 1963ರಲ್ಲಿ ಜಾರಿಯಾಯಿತು. 1974ರಲ್ಲಿ ಉಳುವವನಿಗೆ ಭೂಮಿ ಎಂಬ ಕಾನೂನು ಬಂತು. ಗೇಣಿದಾರನಿಗೆ ಭೂಮಿ ಸಿಕ್ಕಿತು. ಉಳುವವನ ನೇಗಿಲಿಗೆ ಗುಳ ಕೊಟ್ಟವನಿಗೆ, ಉಳುವವನ ಹೊಲದಲ್ಲಿ ಕೂಲಿ ಮಾಡಿದವನಿಗೆ ಗೇಣಿಚೀಟಿ ಇರಲಿಲ್ಲ. ಟ್ರ್ಯಾಕ್ಟರು ಬಂತು, ಗುಳ ಹೋಯಿತು. ಗಾಡಿಗೆ ಟೈರು ಬಂತು, ಗಾಲಿಯ ಪಟ್ಟಿ ಹೋಯಿತು. ಸಂತೆಗೆ ಕಾರ್ಖಾನೆಯ ಕುಡುಗೋಲು ಬಂತು. ಇವತ್ತು ಉಳಿದಿರುವ ಕುಲುಮೆಗಳಲ್ಲಿ ತಿದಿಯ ಜಾಗಕ್ಕೆ ಕರೆಂಟಿನ ಬ್ಲೋವರ್ ಬಂದಿದೆ. ಲಾರಿಯ ಹಳೇ ಪಟ್ಟಿ ತಂದು ಮಚ್ಚು, ಕೊಡಲಿ ಮಾಡುತ್ತಾರೆ.

ಅದೇ ಕಾಲದಲ್ಲಿ ಬಳ್ಳಾರಿಯ ಗುಡ್ಡಗಳನ್ನು ಅಗೆದು ಅದಿರನ್ನು ಹಡಗಿಗೆ ತುಂಬಿದರು. 2011ರ ಜುಲೈಯಲ್ಲಿ ಲೋಕಾಯುಕ್ತರ ವರದಿ ಆ ಲೂಟಿಯನ್ನು ಬಯಲಿಗೆಳೆಯಿತು. ಕಮ್ಮಾರ ಒಂದು ಮೂಟೆ ಇದ್ದಿಲು ತಂದರೆ ಗಾರ್ಡು ಹಿಡಿಯುತ್ತಾನೆ. ಗುಡ್ಡವನ್ನೇ ಲಾರಿಗೆ ತುಂಬಿದವರು ಮಂತ್ರಿಯಾಗುತ್ತಾರೆ.

6

2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಿಶ್ವಕರ್ಮ ಯೋಜನೆ ತಂದಿತು. ಹದಿನೆಂಟು ಕಸುಬುಗಳಿಗೆ ತರಬೇತಿ, ಹತಾರಕ್ಕೆ 15,000 ರೂಪಾಯಿ, ನೂರಕ್ಕೆ 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ. ಬಡ ಕಮ್ಮಾರನಿಗೆ ದುಡ್ಡು ಸಿಗುವುದನ್ನು ನಾವು ಬೇಡ ಅನ್ನುವುದಿಲ್ಲ. ಆದರೆ ಅಪ್ಪನ ಕಸುಬು ಮಗನಿಗೆ ಅನ್ನುವ ಮಾತು ಅದರೊಳಗೆ ಕೂತಿದೆ. 2024ರಲ್ಲಿ ತಮಿಳುನಾಡು ಸರ್ಕಾರ ಇದೇ ಆಕ್ಷೇಪ ಎತ್ತಿ ಯೋಜನೆಯನ್ನು ಒಪ್ಪಲಿಲ್ಲ. ನಮ್ಮ ಪ್ರಶ್ನೆಯೂ ಅದೇ. ಕಮ್ಮಾರನ ಮಗ ಡಾಕ್ಟರಾಗಬಾರದೇ? ಮಾದಿಗರ ಹುಡುಗಿ ಉಕ್ಕಿನ ಎಂಜಿನಿಯರಾಗಬಾರದೇ? ಕಸುಬು ಉಳಿಯಬೇಕು ಅನ್ನುವವರು ತಮ್ಮ ಮಗನನ್ನು ತಿದಿಯ ಮುಂದೆ ಕೂರಿಸುತ್ತಾರಾ?

ವಿದ್ಯೆ ಉಳಿಯಲಿ, ಜಾತಿ ಹೋಗಲಿ. ಇವೆರಡನ್ನೂ ಒಂದೇ ಗಂಟು ಮಾಡಿ ಕೊಡುವವರನ್ನು ನಂಬಬೇಡಿ. ಇವತ್ತು ನಮ್ಮ ಕೇರಿಯ ಹುಡುಗರು ಐಟಿಐ ಓದಿ ವೆಲ್ಡರ್, ಫಿಟ್ಟರ್ ಆಗುತ್ತಿದ್ದಾರೆ. ಕುಲುಮೆಯ ಹೊರಗೆ ನಿಂತವರ ಮೊಮ್ಮಕ್ಕಳು ಬೆಂಕಿಯನ್ನು ಕೈಗೆ ತೆಗೆದುಕೊಂಡಿದ್ದಾರೆ. ಆಚಾರಿಗಳ ಹುಡುಗರೂ ಅದೇ ಬೆಂಚಿನಲ್ಲಿ ಕೂತಿದ್ದಾರೆ. ಅವರಿಬ್ಬರಿಗೂ ಒಂದೇ ಗುತ್ತಿಗೆದಾರ, ಒಂದೇ ಕಮ್ಮಿ ಕೂಲಿ. ಅವರಿಬ್ಬರೂ ಒಬ್ಬರ ಮನೆಯ ಅನ್ನ ಇನ್ನೊಬ್ಬರು ಉಣ್ಣುವುದು ಯಾವಾಗ ಅನ್ನುವುದು ಉಳಿದಿರುವ ಪ್ರಶ್ನೆ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ಕುಲುಮೆ ಎಲ್ಲಿತ್ತು ಅಂತ ಕೇಳಿ. ಕಿಟ್ಟದ ಗುಡ್ಡೆ ಬಿದ್ದಿದ್ದರೆ ಆ ಜಾಗ ಗುರುತು ಹಾಕಿ. ಆಯ ಎಷ್ಟು ಕೊಡುತ್ತಿದ್ದರು, ತಿದಿಗೆ ತೊಗಲು ಯಾರು ಕೊಡುತ್ತಿದ್ದರು, ಇದ್ದಿಲು ಯಾರು ಸುಡುತ್ತಿದ್ದರು, ತಿದಿ ಯಾರು ಒತ್ತುತ್ತಿದ್ದರು, ಯಾರು ಒಳಗೆ ಬರುತ್ತಿದ್ದರು, ಯಾರು ಹೊರಗೆ ನಿಲ್ಲುತ್ತಿದ್ದರು ಬರೆದುಕೊಳ್ಳಿ. ಕೇರಿಯಲ್ಲೂ ಕೇಳಿ, ಆಚಾರಿ ಮನೆಯಲ್ಲೂ ಕೇಳಿ, ಹೆಂಗಸರನ್ನು ಮರೆಯದೆ ಕೇಳಿ. ಎಂಬತ್ತು ದಾಟಿದವರು ಇನ್ನು ಎಷ್ಟು ದಿನ ಇರುತ್ತಾರೆ? ಅವರ ಜೊತೆ ಈ ಚರಿತ್ರೆಯೂ ಮಣ್ಣಿಗೆ ಹೋದರೆ, ನಾಳೆ ನಮ್ಮ ಮಕ್ಕಳ ಪುಸ್ತಕದಲ್ಲಿ ಮತ್ತೆ ಕತ್ತಿ ಹಿಡಿದವರೇ ಇರುತ್ತಾರೆ.